ಇಟ್ಟಿಗೆ ಬಣ್ಣದ ಹುಳು

ಧಾರೇಶ್ವರದಲ್ಲಿ ಬಸ್ಸಿಳಿದು ಮಾಬ್ಲೇಶ್ವರ ಗೌಡನ ಮನೆ ಎಲ್ಲಿ ಎಂದು ಕೇಳಿದರೆ ಜನ ಸ್ವಲ್ಪ ಯೋಚಿಸುತ್ತಾರೆ. ‘ಹುಳದ ಗೌಡ’ ಎಂದರೆ ತಕ್ಷಣ ಕೈ ತೋರಿಸುತ್ತಾರೆ. ಹೆದ್ದಾರಿಯಿಂದ ಸಮುದ್ರದ ಕಡೆಗೆ ಇಳಿಯುವ ದಾರಿಯಲ್ಲಿ, ಹೊನ್ನಮ್ಮ ಎಂಬಾಕೆಯ ಮನೆಯ ಹಿಂದೆ, ಹಂಚು ಹೊದಿಸಿದ ಎರಡು ಖೋಲಿ. ಒಂದರಲ್ಲಿ ಅವನಿರುತ್ತಾನೆ, ಇನ್ನೊಂದರಲ್ಲಿ ಹುಳುಗಳಿರುತ್ತವೆ. ದೊಡ್ಡ ಖೋಲಿ ಹುಳುಗಳದ್ದು.

ಅವನ ಹುಟ್ಟೂರು ಇದಲ್ಲ. ಕುಮಟಾದಿಂದ ಒಳಗೆ ಸಂತೆಗುಳಿ. ಅಪ್ಪನಂತೆ ಅವನೂ ಕೊನೆಗೌಡನಾಗಿದ್ದ. ಎಂದರೆ ಅಡಿಕೆ ಮರ ಹತ್ತಿ ಕೊನೆ ಇಳಿಸುವವನು, ಮಳೆಗಾಲದಲ್ಲಿ ಕೊಳೆರೋಗ ಬಾರದಂತೆ ಕೊನೆಗಳಿಗೆ ಮದ್ದು ಹೊಡೆಯುವವನು. ಮದ್ದೆಂದರೆ ಮೈಲುತುತ್ತು ಎಂಬ ತಾಮ್ರದ ಉಪ್ಪು ಮತ್ತು ಸುಣ್ಣ ಬೆರೆಸಿದ ನೀಲಿ ದ್ರಾವಣ. ಹದಿನಾರನೆಯ ವಯಸ್ಸಿನಿಂದ ಇಪ್ಪತ್ತು ಮಳೆಗಾಲ ಆ ಕೆಲಸ ಮಾಡಿದ. ಇಪ್ಪತ್ತೊಂದನೆಯದರಲ್ಲಿ ಒದ್ದೆ ಮರದಿಂದ ಜಾರಿ ಬಿದ್ದು ಸೊಂಟ ಮುರಿದುಕೊಂಡ. ತಡವಾಗಿ ಕೂಡಿಬಂದಿದ್ದ ಮದುವೆಯ ಮಾತು ಅಲ್ಲಿಗೆ ನಿಂತಿತು. ಹೆಣ್ಣಿನ ಕಡೆಯವರು ಆಸ್ಪತ್ರೆಗೊಮ್ಮೆ ಬಂದು ಎಳನೀರು ಕೊಟ್ಟು ಹೋದರು, ಮತ್ತೆ ಬರಲಿಲ್ಲ.

ಮರ ಹತ್ತಲಾಗದವನಿಗೆ ನೆಲದ ಮೇಲಿನ ಕೆಲಸ ಬೇಕಿತ್ತು. ಆಗ ನಾನು ಕುಮಟಾದ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದೆ. ಪಾಠ ಹೇಳುವ ಹೆಂಗಸು ಅಲ್ಲಿ ಎಲ್ಲರಿಗೂ ‘ಅಕ್ಕೋರು’. ನಿವೃತ್ತಿಗೆ ಮೂರು ವರ್ಷ ಉಳಿದಿತ್ತು, ಒಂದು ಸಂಶೋಧನಾ ಯೋಜನೆ ಕೈಯಲ್ಲಿತ್ತು. ಮಣ್ಣಿನಲ್ಲಿ ನೆಮಟೋಡ್ ಎಂಬ ಸಣ್ಣ ಜಂತುಗಳಿರುತ್ತವೆ, ಬರಿಗಣ್ಣಿಗೆ ಕಾಣವು. ಅವುಗಳಲ್ಲಿ ಕೆಲವು ಜಾತಿಗಳು ಕೀಟದ ಮೈಯೊಳಗೆ ಹೊಕ್ಕು, ತಮ್ಮ ಕರುಳಿನಲ್ಲಿ ಹೊತ್ತು ತಂದ ಬ್ಯಾಕ್ಟೀರಿಯಾವನ್ನು ಅಲ್ಲಿ ಬಿಡುತ್ತವೆ. ಎರಡು ದಿನದಲ್ಲಿ ಕೀಟ ಸಾಯುತ್ತದೆ. ಸತ್ತ ಹುಳು ಕೊಳೆತು ನಾರುವುದಿಲ್ಲ, ಸುಟ್ಟ ಇಟ್ಟಿಗೆಯ ಬಣ್ಣಕ್ಕೆ ತಿರುಗುತ್ತದೆ. ಹತ್ತು ಹನ್ನೆರಡು ದಿನಗಳ ಮೇಲೆ ಅದರೊಳಗಿಂದ ಲಕ್ಷದ ಲೆಕ್ಕದಲ್ಲಿ ಹೊಸ ಜಂತುಗಳು ಹೊರಟು ಮತ್ತೊಂದು ಕೀಟವನ್ನು ಹುಡುಕುತ್ತವೆ. ದನಕರುಗಳಿಗೆ, ಮನುಷ್ಯರಿಗೆ, ಎರೆಹುಳುವಿಗೆ ಅವುಗಳಿಂದ ತೊಂದರೆಯಿಲ್ಲ. ಅಡಿಕೆಯ ಬೇರು ತಿಂದು ಮರ ಸೊರಗಿಸುವ ಬೇರುಹುಳುವಿನ ಮೇಲೆ ಇವನ್ನು ಬಿಡಬಹುದೇ ಎಂಬುದು ನಮ್ಮ ಪ್ರಶ್ನೆ.

ಯೋಜನೆಗೆ ಸಹಾಯಕ ಬೇಕಿತ್ತು. ಮಾಬ್ಲೇಶ್ವರ ಬಂದ. ಭಟ್ಕಳ, ಹೊನ್ನಾವರ, ಕುಮಟಾ, ಮೂರು ತಾಲ್ಲೂಕಿನಿಂದಲೂ ಇನ್ನೂರಕ್ಕೂ ಹೆಚ್ಚು ಚೀಲ ಮಣ್ಣು ತಂದ. ಕೆಲಸಕ್ಕೆ ಬರುವ ಜಂತು ಸಿಕ್ಕಿದ್ದು ಒಂದೇ ಚೀಲದಲ್ಲಿ, ಅದೂ ಅವನ ಊರಾದ ಸಂತೆಗುಳಿಯ ಹಳ್ಳದ ಬದಿಯ ಮಣ್ಣಿನಲ್ಲಿ. ನೀರಿನಲ್ಲಿ ಅವು ಕಲೆತಾಗ ಅಕ್ಕಿ ತೊಳೆದ ನೀರಿನಂತೆ ಕಾಣುತ್ತವೆ. ಬೆಳಕಿಗೆ ಹಿಡಿದರೆ ರೇಶಿಮೆ ಎಳೆ ಹೊರಳಿದಂತೆ. ನೆಮಟೋಡ್ ಎನ್ನಲು ಅವನ ನಾಲಿಗೆ ಹೊರಳಲಿಲ್ಲ. ‘ನೂಲು’ ಎಂದ. ಆ ಹೆಸರೇ ನಿಂತಿತು.

ನೂಲನ್ನು ಬೆಳೆಸಲು ಬೇರೊಂದು ಹುಳು ಬೇಕು. ಪ್ರಯೋಗಾಲಯದಲ್ಲಿ ಎಲ್ಲರೂ ಬಳಸುವುದು ಮೇಣದ ಹುಳು. ಅದೊಂದು ಬೂದು ಪತಂಗದ ಮರಿ; ಸಹಜವಾಗಿ ಅದು ಜೇನುಗೂಡಿನ ಮೇಣ ತಿಂದು ಬದುಕುತ್ತದೆ. ನಾವು ಅದನ್ನು ಮೆಕ್ಕೆಜೋಳದ ಹಿಟ್ಟು, ಗೋಧಿ ಹೊಟ್ಟು, ಹಾಲಿನ ಪುಡಿ, ಜೇನುತುಪ್ಪ ಕಲಸಿ ಸಾಕುತ್ತಿದ್ದೆವು. ಜೇನು ಸಾಕುವವರಿಗೆ ಅದರಷ್ಟು ದೊಡ್ಡ ಶತ್ರು ಇಲ್ಲ. ಈ ಮಾತನ್ನು ಓದುಗರು ನೆನಪಿಟ್ಟುಕೊಳ್ಳಬೇಕು.

ನನ್ನ ನಿವೃತ್ತಿಯೊಡನೆ ಯೋಜನೆ ಮುಗಿಯಿತು. ವರದಿ ಕಳಿಸಿದೆ, ಯಾರೋ ಓದಿರಬಹುದು. ತಟ್ಟೆಗಳನ್ನೆಲ್ಲ ಕುದಿಸಿ ಚೆಲ್ಲಿ ಖೋಲಿ ಖಾಲಿ ಮಾಡು ಎಂದು ಮಾಬ್ಲೇಶ್ವರನಿಗೆ ಹೇಳಿದೆ. ಅವನು ಕುದಿಸಿ ಚೆಲ್ಲಿದ. ಆದರೆ ಕೆಂಪಾಗಿದ್ದ ಏಳು ಹುಳುಗಳನ್ನೂ ಒಂದು ಹಿಡಿ ಬಿಳಿ ಹುಳುಗಳನ್ನೂ ಬುತ್ತಿಯ ಡಬ್ಬಿಯಲ್ಲಿ ಹಾಕಿಕೊಂಡು ಸಂತೆಗುಳಿಯ ಬಸ್ಸು ಹತ್ತಿದ. ಇದು ನನಗೆ ಗೊತ್ತಾದದ್ದು ಒಂದು ವರ್ಷದ ಮೇಲೆ, ಬಾಟಲಿಯಲ್ಲಿ ನೂಲು ತಂದು ಮೇಜಿನ ಮೇಲೆ ಇಟ್ಟಾಗ.

“ಕುದಿಸಿ ಚೆಲ್ಲು ಅಂದಿದ್ದೆನಲ್ಲ?”

“ಚೆಲ್ದೆ ಅಕ್ಕೋರೆ. ಇದು ಚೆಲ್ಲಿ ಉಳ್ದದ್ದು.”

ಬೈದೆ. ಬೈದ ಮೇಲೆ ಸೂಕ್ಷ್ಮದರ್ಶಕದಲ್ಲಿ ನೋಡಿದೆ. ಚುರುಕಾಗಿದ್ದವು. ಹಾಗಿದ್ದರೆ ಸರಿಯಾಗಿಯಾದರೂ ಮಾಡು ಎಂದು ಒಂದು ಕ್ರಮ ಹೇಳಿಕೊಟ್ಟೆ. ಮೇಣದ ಹುಳುವಿನಂಥ ಸುಲಭದ ಆಹಾರದಲ್ಲಿ ತಲೆಮಾರುಗಟ್ಟಲೆ ಬೆಳೆದರೆ ನೂಲು ಮೊಂಡಾಗುತ್ತದೆ, ಮಣ್ಣಿನಲ್ಲಿ ಬೇಟೆಯಾಡುವ ಬಲ ಕಳೆದುಕೊಳ್ಳುತ್ತದೆ. ಆದ್ದರಿಂದ ವರ್ಷಕ್ಕೊಮ್ಮೆ, ಶ್ರಾವಣದ ಹೊತ್ತಿಗೆ, ಇರುವುದಷ್ಟನ್ನೂ ತೋಟಕ್ಕೆ ಬಿಟ್ಟುಬಿಡಬೇಕು. ಅಲ್ಲಿ ಸತ್ತು ಕೆಂಪಾದ ಬೇರುಹುಳುಗಳನ್ನು ಅಗೆದು ತಂದು ಅವುಗಳಿಂದ ಹೊಸದಾಗಿ ಶುರುಮಾಡಬೇಕು. “ಹಳೆಯದು ಒಂದು ತಟ್ಟೆಯೂ ಮನೆಯಲ್ಲಿ ಇರಬಾರದು. ಇಟ್ಟುಕೊಂಡರೆ ಸೋಮಾರಿತನಕ್ಕೆ ಅದನ್ನೇ ಬಳಸುತ್ತೀಯ” ಎಂದೆ. ಅವನು ಸೋಮಾರಿಯಲ್ಲ. ಹಾಗೆ ಹೇಳುವುದು ನನ್ನ ಅಭ್ಯಾಸ.

ಸಂತೆಗುಳಿಯ ಮನೆಯಲ್ಲಿ ಇದ್ದವರು ತಮ್ಮ ಸೋಮ, ತಮ್ಮನ ಹೆಂಡತಿ ಬಂಗಾರಿ. ಮನೆಗೆ ತಾಗಿ ನಲವತ್ತು ಅಡಿಕೆ ಮರ, ಹಿತ್ತಲಿನಲ್ಲಿ ಆರು ಜೇನುಪೆಟ್ಟಿಗೆ. ಸೋಮನಿಗೆ ಪೆಟ್ಟಿಗೆಗಳ ಮೇಲೆ ಜೀವ. ಮಾಬ್ಲೇಶ್ವರನ ಡಬ್ಬಿ ಮೂಲೆ ಖೋಲಿಗೆ ಬಂದ ಎರಡನೆಯ ಮಳೆಗಾಲದಲ್ಲಿ ಆರು ಪೆಟ್ಟಿಗೆಗೂ ಮೇಣದ ಹುಳು ಬಿದ್ದು, ಜೇನುನೊಣಗಳೆಲ್ಲ ಗೂಡು ಬಿಟ್ಟು ಹಾರಿಹೋದವು. ಪೆಟ್ಟಿಗೆ ತೆರೆದರೆ ಒಳಗೆ ಬಲೆ, ಹಿಕ್ಕೆ, ಮತ್ತು ಅಣ್ಣ ಹಾಲಿನ ಪುಡಿ ಹಾಕಿ ಸಾಕುತ್ತಿದ್ದಂಥದೇ ಹುಳು.

ನಾನು ಇದನ್ನು ಬರೆಯುತ್ತೇನೆ ಎಂದಾಗ ಮಾಬ್ಲೇಶ್ವರ ಕೇಳಿದ್ದು ಒಂದೇ. “ಸೋಮನ ಜೇನು ಹಾರೋದದ್ದು ನನ್ನಿಂದ ಅಂತ ಮಾತ್ರ ಬರೀಬೇಡಿ ಅಕ್ಕೋರೆ.” ನಿನ್ನಿಂದ ಅಲ್ಲ ಎಂದೂ ಬರೆಯಲಾರೆ ಎಂದೆ. ಮೇಣದ ಪತಂಗ ಆ ಕಾಡಿನಲ್ಲಿ ಎಲ್ಲೆಡೆ ಇದೆ, ಮಳೆಗಾಲದಲ್ಲಿ ಸೊರಗಿದ ಗೂಡಿಗೆ ಅದು ತಾನಾಗಿಯೇ ಬರುತ್ತದೆ. ಅವನ ಖೋಲಿಯ ಕಿಟಕಿಗೆ ಜಾಲರಿ ಇತ್ತು. ಜಾಲರಿಯಲ್ಲಿ ತೂತೂ ಇತ್ತು. ಇಷ್ಟು ಮಾತ್ರ ನಿಜ.

ಸೋಮ ಕೂಗಾಡಲಿಲ್ಲವಂತೆ. ಊಟದ ತಟ್ಟೆಯ ಮುಂದೆ ಕೂತು, “ಒಂದೋ ಆ ಹುಳ ಇರ್ಲಿ, ಒಂದೋ ನೀ ಇರು. ಎಯ್ಡೂ ಇಲ್ಲಿ ಆಗೂದಿಲ್ಲ” ಎಂದ. ಮಾಬ್ಲೇಶ್ವರ ಡಬ್ಬಿ ಎತ್ತಿಕೊಂಡು ಹೊರಟ. ಜೇನು ಸಾಕುವವರು ಯಾರೂ ಇಲ್ಲದ ಜಾಗ ಹುಡುಕಿ ಹುಡುಕಿ ಧಾರೇಶ್ವರಕ್ಕೆ ಬಂದ. ಉಪ್ಪುಗಾಳಿ, ತೆಂಗು, ಮರಳು. ಹತ್ತಿರದಲ್ಲಿ ಒಂದು ಜೇನುಪೆಟ್ಟಿಗೆಯೂ ಇಲ್ಲ.

ಅಲ್ಲಿ ಒಂಬತ್ತು ವರ್ಷ ಕಳೆದ. ಬೆಳಿಗ್ಗೆ ದೇವಸ್ಥಾನದ ಎದುರು ಒಂದು ಹಣ್ಣುಕಾಯಿ ಅಂಗಡಿಯಲ್ಲಿ ಕೂರುತ್ತಾನೆ, ಮಧ್ಯಾಹ್ನದ ಮೇಲೆ ಹುಳುವಿನ ಕೆಲಸ. ಮೇಣದ ಹುಳುವಿಗೆ ಎರಡು ದಿನಕ್ಕೊಮ್ಮೆ ಹಿಟ್ಟು ಕಲಸಬೇಕು. ನೂಲನ್ನು ಹೊಸ ಹುಳುವಿಗೆ ಹಚ್ಚುತ್ತಲೇ ಇರಬೇಕು. ಮೂರು ವಾರ ತಡವಾದರೆ ಕ್ಷೀಣಿಸುತ್ತದೆ. ಹೀಗಾಗಿ ಅವನು ಮದುವೆಗೆ, ಸತ್ತವರ ಬೊಜ್ಜಕ್ಕೆ, ಹಬ್ಬಕ್ಕೆ ಎಲ್ಲಿಗೆ ಹೋದರೂ ಸಂಜೆಯ ಬಸ್ಸಿಗೆ ಹಿಂತಿರುಗುತ್ತಿದ್ದ. ಬರಬರುತ್ತ ಕರೆಯುವುದನ್ನೇ ಜನ ಬಿಟ್ಟರು. ಆ ಖೋಲಿಯಲ್ಲಿ ಒಂದು ಹುಳಿವಾಸನೆ ಇದೆ. ಕೂತವನಿಗೆ ತಿಳಿಯುವುದಿಲ್ಲ, ಬಂದವರಿಗೆ ತಿಳಿಯುತ್ತದೆ. ಯಾರೂ ಬಂದು ಕೂರುತ್ತಿರಲಿಲ್ಲ.

ಹೊನ್ನಮ್ಮ ಒಬ್ಬಳು ಬಾಗಿಲ ಹೊರಗೆ ನಿಂತು ಮಾತಾಡುತ್ತಾಳೆ. ನಾನೊಮ್ಮೆ ಹೋದಾಗ ಅವನು ಹಿಟ್ಟು ಕಲಸುತ್ತಿದ್ದ.

“ನೋಡಿ ಅಕ್ಕೋರೆ, ಹುಳಕ್ಕೆ ಹಾಲಿನ ಪುಡಿ, ಜೇನುತುಪ್ಪ. ಇವ ತಿಂಬುದು ಗಂಜಿ, ಉಪ್ಪಿನಕಾಯಿ. ಮುಂದಿನ ಜನ್ಮದಲ್ಲಿ ನಾ ಇವನ ಡಬ್ಬೀಲಿ ಹುಟ್ತೆ.”

“ಹುಟ್ಟು ಹುಟ್ಟು. ಹದಿನೈದು ದಿನ ತುಪ್ಪ ತಿನ್ನಿಸ್ತೆ, ಹದಿನಾರನೇ ದಿನ ನೂಲು ಬಿಡ್ತೆ” ಎಂದ ಮಾಬ್ಲೇಶ್ವರ, ತಲೆ ಎತ್ತದೆ.

“ಥೋ! ಖೋಲಿ ಬಾಡಿಗೆಗೆ ಕೊಟ್ಟೋಳ ಕೊಲ್ಲೂಕೆ ಹೊಂಟ್ಯಲ, ಮಾರಾಯ.”

ಅವಳು ನಗುತ್ತ ಹೋದಳು. ಆಮೇಲೆ ಅಲ್ಲಿ ಕೇಳಿಸಿದ್ದು ಡಬ್ಬಿಯೊಳಗೆ ಹುಳುಗಳು ಹೊಟ್ಟು ಕೆರೆಯುವ ಸಪ್ಪಳ ಮಾತ್ರ. ದಿನವೆಲ್ಲ ಅವನು ಕೇಳುವುದು ಅದನ್ನೇ.

ಕಳೆದ ವರ್ಷದ ಶ್ರಾವಣಕ್ಕೆ ಬರುತ್ತೇನೆ. ಸಂತೆಗುಳಿಯ ಮಧುಸೂದನ ಹೆಗಡೆಯವರ ಕೆಳಗಿನ ತೋಟಕ್ಕೆ ಅವನು ಕೆಲವು ವರ್ಷಗಳಿಂದ ನೂಲು ಹಾಕುತ್ತಿದ್ದ. ಆ ಸಲ ಮೇಲಿನ ಎರಡು ಎಕರೆಗೂ ಬೇರುಹುಳು ಬಿದ್ದಿತ್ತು. ಮಾಬ್ಲೇಶ್ವರ ಮೂರು ತಿಂಗಳು ದುಡಿದು, ಎಂದೂ ಮಾಡದಷ್ಟು ನೂಲು ಬೆಳೆಸಿ, ಅದಷ್ಟನ್ನೂ ಬಾಟಲಿಗಳಲ್ಲಿ ತುಂಬಿಕೊಂಡು ಹೋದ. ನಾನು ಹೇಳಿದ್ದ ಕ್ರಮದಂತೆ ಮನೆಯಲ್ಲಿ ಒಂದು ತಟ್ಟೆಯನ್ನೂ ಇಟ್ಟುಕೊಳ್ಳಲಿಲ್ಲ.

ಪ್ರತಿ ವರ್ಷ ಅವನು ತನ್ನ ಬಕೆಟ್ಟಿನಲ್ಲೇ ನೀರು ಬೆರೆಸಿ ಮರದ ಬುಡಕ್ಕೆ ಹೊಯ್ಯುತ್ತಿದ್ದ. ಹೆಗಡೆಯವರು ನಕ್ಕರು.

“ಎರಡು ಎಕರೆಗೆ ಬಕೆಟ್ಟಲ್ಲಿ ಹೊಯ್ದರೆ ದೀಪಾವಳಿ ಬತ್ತದೆ ಗೌಡ. ಮದ್ದಿನ ಡ್ರಮ್ಮು ಖಾಲಿ ಬಿದ್ದಿದೆ, ಅದರಲ್ಲಿ ಕಲಸು. ಪೈಪ್ ಹಾಕಿ ಬಿಡು.” ಹಾಗೆಂದು ಒಳಕ್ಕೆ ತಿರುಗಿ ಹೆಂಡತಿಯನ್ನು ಕೂಗಿದರು. “ಶ್ರೀಮತೀ, ಗೌಡಂಗೆ ಚಾ ಇದ್ದಾ?”

“ಹಾಲಿಲ್ಲೆ. ಕಷಾಯ ಇದ್ದು, ತತ್ತೆ” ಎಂದು ಶ್ರೀಮತಿಯ ದನಿ ಬಂತು.

ಡ್ರಮ್ಮಿನಲ್ಲಿ ಹದಿನೈದು ದಿನದ ಹಿಂದೆ ಅಡಿಕೆಗೆ ಹೊಡೆಯುವ ಮದ್ದು ಕಲಸಿದ್ದರು. ಒಳಮೈಗೆ ನೀಲಿ ಕಟ್ಟಿತ್ತು. ಮಾಬ್ಲೇಶ್ವರನಿಗೆ ಅದು ಗೊತ್ತಿಲ್ಲವೆಂದಲ್ಲ. ಮೂರು ಸಲ ತೊಳೆದ. ನಾಲ್ಕನೆಯ ಸಲ ನೀರು ತುಂಬಿಸಿ, ಸೊಂಟದ ಕತ್ತಿ ತೆಗೆದು ಅಲಗನ್ನು ಮರಳಲ್ಲಿ ಉಜ್ಜಿ, ನೀರಿನಲ್ಲಿ ಅದ್ದಿ ಹಿಡಿದ.

ಕೊನೆಗೌಡರ ಮದ್ದಿನ ಪರೀಕ್ಷೆ ಅದು. ಮೈಲುತುತ್ತು ಹೆಚ್ಚಾಗಿ ಸುಣ್ಣ ಕಡಿಮೆಯಾದರೆ ಮದ್ದು ಅಡಿಕೆಯನ್ನು ಸುಡುತ್ತದೆ. ಅದನ್ನು ತಿಳಿಯಲು ಕಬ್ಬಿಣದ ಕತ್ತಿಯನ್ನು ಒಂದು ನಿಮಿಷ ಅದ್ದಿಡುತ್ತಾರೆ. ಅಲಗಿನ ಮೇಲೆ ಕೆಂಪು ಕೂತರೆ ಮೈಲುತುತ್ತು ಹೆಚ್ಚಾಗಿದೆ, ಇನ್ನಷ್ಟು ಸುಣ್ಣ ಬೇಕು. ಕೂರದಿದ್ದರೆ ಮದ್ದು ಸರಿಯಾಗಿದೆ. ಇಪ್ಪತ್ತು ವರ್ಷ ಅವನ ಕಣ್ಣು ಆ ಅಲಗನ್ನು ನಂಬಿತ್ತು.

ಕೆಂಪು ಕೂರಲಿಲ್ಲ. ಬಾಟಲಿಗಳನ್ನೆಲ್ಲ ಡ್ರಮ್ಮಿಗೆ ಸುರಿದ. ಬಿಸಿಲು ಬಿದ್ದರೆ ನೂಲು ಸಾಯುತ್ತದೆಂದು ಎರಡು ತಾಸು ಕಾದು, ಸಂಜೆ ಬಿಸಿಲು ಇಳಿದ ಮೇಲೆ ಮರದ ಬುಡಗಳಿಗೆ ಬಿಟ್ಟ.

ಎಂಟು ದಿನ ಬಿಟ್ಟು ಅಗೆಯಲು ಹೋದ. ಹೊಸ ವರ್ಷದ ನೂಲಿಗೆ ಬೀಜ ಅಲ್ಲಿಂದಲೇ ಬರಬೇಕು. ಹತ್ತು ಮರದ ಬುಡ ಬಿಡಿಸಿದ. ಬೇರುಹುಳುಗಳು ಬೆಳ್ಳಗೆ, ದಪ್ಪಗೆ, ಬೆರಳು ತಾಗಿದರೆ ಸುರುಳಿ ಸುತ್ತುತ್ತ ಇದ್ದವು. ಮರುದಿನ ಇಪ್ಪತ್ತು ಬುಡ ಬಿಡಿಸಿದ. ಒಂದೂ ಕೆಂಪಿಲ್ಲ.

ಅದರ ಮರುದಿನ ಮಧ್ಯಾಹ್ನ ಕುಮಟಾದ ನನ್ನ ಮನೆಯ ಗೇಟಿನಲ್ಲಿ ನಿಂತಿದ್ದ. ಕೈಯಲ್ಲಿ ಒಂದು ಬಾಟಲಿ. ಡ್ರಮ್ಮಿನ ತಳದಲ್ಲಿ ಉಳಿದ ನೀರನ್ನು ಆ ದಿನವೇ ಯಾಕೋ ಹಿಡಿದಿಟ್ಟಿದ್ದನಂತೆ.

“ಇದ್ನ ಒಂಚೂರು ನೋಡಿ ಅಕ್ಕೋರೆ.”

ನೋಡಿದೆ. ಜೀವ ಇರುವ ನೂಲು ಬಳುಕುತ್ತದೆ, ಇಲ್ಲವೇ ಸ್ವಲ್ಪ ಬಾಗಿ ನಿಂತಿರುತ್ತದೆ. ಇವು ಸೂಜಿಗಳಂತೆ ನೆಟ್ಟಗೆ ಬಿದ್ದಿದ್ದವು. ನೀರನ್ನು ಕಲಕಿ ಐದಾರು ಹನಿ ನೋಡಿದೆ.

“ಸತ್ತಿವೆ. ಯಾವುದರಲ್ಲಿ ಕಲಸಿದೆ?”

“ಮದ್ದಿನ ಡ್ರಮ್ಮಲ್ಲಿ. ತೊಳ್ದಿದ್ದೆ. ಕತ್ತಿ ಅದ್ದಿ ನೋಡ್ದೆ, ಕೆಂಪು ಕೂರ್ಲಿಲ್ಲ.”

“ಕೆಂಪು ಕೂರದಿದ್ದರೆ ಏನು ಅರ್ಥ?”

“ಮದ್ದು ಸರಿ ಅಂತ.”

“ಮದ್ದು ಸರಿ ಅಂತ. ಮದ್ದು ಇಲ್ಲ ಅಂತಲ್ಲ.”

ಹೇಳಬೇಕಾದ್ದನ್ನು ನಾನು ಹೇಳಿದೆ. ಸುಣ್ಣ ಸಾಕಷ್ಟಿದ್ದಾಗ ತಾಮ್ರ ಅದರೊಡನೆ ಕಟ್ಟಿಕೊಂಡಿರುತ್ತದೆ, ಕಬ್ಬಿಣದ ಮೇಲೆ ಬಂದು ಕೂರುವುದಿಲ್ಲ. ಆದರೆ ನೀರಿನಲ್ಲಿ ಇರುತ್ತದೆ. ಗೋಡೆಗೆ ಕಟ್ಟಿದ ನೀಲಿ ಎರಡು ತಾಸಿನಲ್ಲಿ ನೆನೆದು ಬಿಟ್ಟಿರಬೇಕು. ತಾಮ್ರ ಕೊಂದಿತೋ ಸುಣ್ಣದ ಕ್ಷಾರ ಕೊಂದಿತೋ ನಾನು ಪರೀಕ್ಷಿಸಲಿಲ್ಲ. ಎರಡರಲ್ಲಿ ಒಂದಿದ್ದರೂ ಸಾಕಿತ್ತು. ಬೇರೆ ಯಾರಾದರೂ ಆಗಿದ್ದರೆ ಆ ನೀಲಿ ಕಂಡು ಡ್ರಮ್ಮನ್ನೇ ಮುಟ್ಟುತ್ತಿರಲಿಲ್ಲ. ಅದನ್ನು ಪರೀಕ್ಷಿಸಿ ನಂಬಲು ಕೊನೆಗೌಡನೇ ಆಗಿರಬೇಕಿತ್ತು.

“ಮನೆಯಲ್ಲಿ ನೂಲು ಎಷ್ಟಿದೆ?”

“ಎಂತದೂ ಇಲ್ಲ. ಹಳೇದು ಇಡಬೇಡ ಅಂದಿದ್ರಲ್ಲ.”

ಅದರಲ್ಲಿ ಆರೋಪವಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. ಹನ್ನೊಂದು ವರ್ಷ ಅವನು ಸಾಕಿದ ತಳಿಯಲ್ಲಿ ಆ ಹೊತ್ತಿಗೆ ಉಳಿದದ್ದು ಬಾಟಲಿಯಲ್ಲಿದ್ದ ಸೂಜಿಗಳು. ನನ್ನ ವರದಿಯ ಹೊರತಾಗಿ ಅದು ಇದ್ದದ್ದಕ್ಕೆ ಸಾಕ್ಷಿಯೂ ಇಲ್ಲ.

ಒಂದು ದಾರಿ ಇತ್ತು. ಹಿಂದಿನ ವರ್ಷಗಳಲ್ಲಿ ನೂಲು ಬಿಟ್ಟ ತೋಟಗಳ ಮಣ್ಣಿನಲ್ಲಿ ಅದು ಇನ್ನೂ ಉಳಿದಿರಬಹುದು. ತೂತು ಕೊರೆದ ಸಣ್ಣ ಡಬ್ಬಿಯಲ್ಲಿ ಜೀವಂತ ಮೇಣದ ಹುಳು ಇಟ್ಟು ಗೇಣುದ್ದ ಆಳದಲ್ಲಿ ಹೂಳಬೇಕು. ಐದು ದಿನದ ಮೇಲೆ ತೆಗೆಯಬೇಕು. ಹುಳು ಇಟ್ಟಿಗೆ ಬಣ್ಣವಾಗಿ ಸತ್ತಿದ್ದರೆ ನೂಲು ಇದೆ. ಮೂರು ತೋಟ ಆರಿಸಿದೆವು: ಹೆಗಡೆಯವರ ಕೆಳಗಿನ ತೋಟ, ಹೊನ್ನಾವರದ ಹತ್ತಿರ ಒಂದು ತೋಟ, ಭಟ್ಕಳದ ಬಳಿ ಒಂದು ಮಲ್ಲಿಗೆ ತೋಟ. ಒಂದೊಂದರಲ್ಲಿ ಮೂರು ಡಬ್ಬಿ.

“ಇನ್ನೊಂದು ಡಬ್ಬಿ ನೂಲು ಎಂದೂ ಬೀಳದ ಜಾಗದಲ್ಲಿ ಇರಬೇಕು. ಹುಳುಗಳು ತಾವಾಗಿಯೇ ಸಾಯುತ್ತವೋ ನೋಡಲು. ಖಂಡಿತವಾಗಿ ನೂಲು ಬಿದ್ದಿಲ್ಲದ ಜಾಗ ಯಾವುದು?”

“ಖಂಡಿತ ಅಂದ್ರೆ ಸೋಮನ ಹಿತ್ಲು ಒಂದೇ.”

“ಅಲ್ಲೇ ಹೂಳು.”

“ಅಲ್ಲಿ ಬೇಡ್ರಾ ಅಕ್ಕೋರೆ. ಜೇನಿನ ಪೆಟ್ಟಿಗೆ ಮತ್ತೆ ತುಂಬಿದಾವೆ.”

“ಮುಚ್ಚಿದ ಡಬ್ಬಿ. ಕೇಳಿ ಹೂಳು. ನಾನೂ ಬರುತ್ತೇನೆ.”

ಸೋಮ ಅಂಗಳದಲ್ಲಿ ಕೂತು ಹಗ್ಗ ಹೊಸೆಯುತ್ತಿದ್ದ. ಅಣ್ಣನ ಕೈಯ ಡಬ್ಬಿ ಕಂಡು ಹಗ್ಗ ಕೆಳಗಿಟ್ಟ.

“ಹುಳ ತಕಂಡೇ ಬಂದ್ಯಾ? ಕೈ ಬೀಸ್ಕಂಡು ಬರೂಕೆ ಬರೂದಿಲ್ಲ ನಿಂಗೆ.”

ವಿಷಯವನ್ನು ನಾನು ವಿವರಿಸಿದೆ: ನೂಲು ಸತ್ತದ್ದು, ಹುಡುಕುತ್ತಿರುವುದು, ಇಲ್ಲಿ ಡಬ್ಬಿ ಯಾಕೆ ಎಂಬುದು. ಸೋಮ ಕೇಳಿಸಿಕೊಂಡ.

“ಎಷ್ಟು ಹುಳ ಅದಾವೆ ಇದ್ರಲ್ಲಿ?”

“ಎಂಟು” ಎಂದ ಮಾಬ್ಲೇಶ್ವರ.

“ತೆಗಿ. ನಾ ಎಣಿಸ್ತೆ.” ಎಣಿಸಿದ. “ಎಂಟು. ಐದು ದಿನ ಬಿಟ್ಟು ಎಂಟೂ ವಾಪಸ್ ಎಣಿಸಿ ಕೊಡ್ಬೇಕು, ಸತ್ತದ್ದೋ ಬದುಕಿದ್ದೋ. ಏಳಾದ್ರೆ ನಾ ಬಿಡೂದಿಲ್ಲ.”

“ಆತು.”

ಜೇನುಪೆಟ್ಟಿಗೆಗಳಿಂದ ಆದಷ್ಟು ದೂರ, ಹಿತ್ತಲಿನ ಕೊನೆಯ ಅಡಿಕೆ ಮರದ ಬುಡದಲ್ಲಿ ಹೂಳಿದೆವು. ಹೊರಡುವಾಗ ಸೋಮ ಅಣ್ಣನಿಗೆ ಹೇಳಿದ, ಹಗ್ಗದ ಕಡೆಗೇ ನೋಡುತ್ತ: “ಎಲ್ಲೂ ಸಿಗ್ಲಿಲ್ಲ ಅಂದ್ರೆ ಇಲ್ಲಿಗೇ ಬಂದ್ಬಿಡು. ಮೂಲೆ ಖೋಲಿ ಹಂಗೇ ಅದೆ. ಹುಳ ಇಲ್ಲ ಅಂದ್ಮೇಲೆ ಎಂತಕ್ಕೆ ಅಲ್ಲಿ ಒಬ್ನೇ ಬಿದ್ಕಂಡಿರೂದು?”

ಬಸ್ಸಿನಲ್ಲಿ ಕೂತೆವು. ನನಗೂ ಲೆಕ್ಕ ಸ್ಪಷ್ಟವಿತ್ತು. ನೂಲು ಸಿಕ್ಕರೆ ಧಾರೇಶ್ವರದ ಎರಡು ಖೋಲಿ. ಸಿಗದಿದ್ದರೆ ಮನೆ.

ಐದನೆಯ ದಿನ ಬೆಳಿಗ್ಗೆ ಭಟ್ಕಳದಿಂದ ಶುರುಮಾಡಿದೆವು. ಮಲ್ಲಿಗೆ ತೋಟದವಳು ಬೇಸಿಗೆಯಲ್ಲಿ ಬಾವಿ ಬತ್ತಿ ಮಣ್ಣು ಬೂದಿಯಾಗಿತ್ತು ಎಂದಳು. ಮೂರು ಡಬ್ಬಿಯಲ್ಲೂ ಹುಳುಗಳು ಸುಖವಾಗಿ ರೇಶಿಮೆ ಸುತ್ತಿಕೊಂಡು ಕೂತಿದ್ದವು. ಹೊನ್ನಾವರದ ತೋಟದಲ್ಲೂ ಹಾಗೆಯೇ. ಅಲ್ಲಿಯ ಯಜಮಾನರು ಬಹಳ ಆದರದಿಂದ ಒಳಗೆ ಹೋಗಿ, ಹಿಂದಿನ ವರ್ಷ ಮಾಬ್ಲೇಶ್ವರ ಕೊಟ್ಟಿದ್ದ ಬಾಟಲಿಯನ್ನು ಫ್ರಿಜ್ಜಿನಿಂದ ತಂದರು.

“ಹಾಕೂಕೆ ಪುರಸೊತ್ತೇ ಆಗ್ಲಿಲ್ಲ ನೋಡಿ. ಆದ್ರೂ ಹಾಳು ಮಾಡ್ಲಿಲ್ಲ, ತಂಪಲ್ಲೇ ಇಟ್ಟಿದ್ದೆ.”

ಆ ನೂಲಿಗೆ ಚಳಿ ಆಗದು. ಬಾಟಲಿಯ ಮೇಲೆ ಮಾಬ್ಲೇಶ್ವರನ ದಪ್ಪ ಅಕ್ಷರದಲ್ಲಿ ‘ಫ್ರಿಜ್ಜಿನಲ್ಲಿ ಇಡಬಾರದು’ ಎಂದು ಬರೆದಿತ್ತು. ಅವನು ಬಾಟಲಿ ತೆಗೆದುಕೊಂಡು “ಉಪಕಾರ ಆತು” ಎಂದ.

ಮಧ್ಯಾಹ್ನದ ಮೇಲೆ ಸಂತೆಗುಳಿ. ಹೆಗಡೆಯವರ ಕೆಳಗಿನ ತೋಟದ ಮೇಲೆ ನಾನು ಭರವಸೆ ಇಟ್ಟಿದ್ದೆ. ಮೊದಲ ಡಬ್ಬಿ ಬಿಳಿ. ಎರಡನೆಯದು ಬಿಳಿ. ಮೂರನೆಯದಕ್ಕೆ ಇರುವೆ ನುಗ್ಗಿ ಹುಳುವಿನ ಸಿಪ್ಪೆ ಮಾತ್ರ ಉಳಿದಿತ್ತು. ಹೆಗಡೆಯವರು ಸಂಕೋಚದಿಂದ, ಮಾರ್ಚಿನಲ್ಲಿ ಮಗ ಯಾವುದೋ ಕೀಟನಾಶಕ ತರಿಸಿ ಒಮ್ಮೆ ಬುಡಕ್ಕೆ ಹೊಯ್ಸಿದ್ದ ಎಂದರು.

“ಮುಗೀತು” ಎಂದ ಮಾಬ್ಲೇಶ್ವರ. ದನಿಯಲ್ಲಿ ದುಃಖವೇ ಇತ್ತು ಎಂದು ನಾನು ಹೇಳಲಾರೆ. ದೂರದಿಂದ ಹೊತ್ತು ತಂದ ಹೊರೆ ಇಳಿಸುವವನ ದನಿಯೂ ಹಾಗೆಯೇ ಇರುತ್ತದೆ.

“ಒಂದು ಡಬ್ಬಿ ಬಾಕಿ ಇದೆ” ಎಂದೆ.

“ಅದು ಸುಮ್ನೆ ಇಟ್ಟದ್ದಲ್ವಾ ಅಕ್ಕೋರೆ?”

“ಸುಮ್ಮನೆ ಇಟ್ಟದ್ದನ್ನೂ ನೋಡಬೇಕು.”

ಬಂಗಾರಿ ಮೂಲೆ ಖೋಲಿ ಗುಡಿಸಿದ್ದಳು. ಬಾಗಿಲು ತೆರೆದಿತ್ತು, ಒಳಗೆ ಒಂದು ಚಾಪೆ, ಮಡಿಸಿದ ಕಂಬಳಿ, ಗೋಡೆಗೆ ಹೊಸ ಮೊಳೆ. ಸೋಮ ನಮ್ಮ ಹಿಂದೆಯೇ ಹಿತ್ತಲಿಗೆ ಬಂದ, ಎಣಿಸಲು. ಮಾಬ್ಲೇಶ್ವರ ಕುಳಿತು ಕೈಯಿಂದ ಮಣ್ಣು ಸರಿಸಿ ಡಬ್ಬಿ ತೆಗೆದು ಮುಚ್ಚಳ ಬಿಡಿಸಿದ. ನಾನು ಬಗ್ಗಿ ನೋಡಿದೆ. ಐದು ಹುಳು ಬೆಳ್ಳಗಿದ್ದವು. ಮೂರು ಇಟ್ಟಿಗೆಯ ಬಣ್ಣ. ಒಂದನ್ನು ಎತ್ತಿ ಮೂಸಿದೆ, ವಾಸನೆಯಿಲ್ಲ. ಒತ್ತಿದರೆ ಮೆತ್ತಗೆ, ಚರ್ಮ ಗಟ್ಟಿ.

“ಇಲ್ಲಿ ಹೆಂಗೆ ಬಂತು?” ಎಂದ ಮಾಬ್ಲೇಶ್ವರ. ಅವನು ಕೇಳಿದ್ದು ನನ್ನನ್ನು. ಉತ್ತರ ಕೊಟ್ಟವಳು ಹಿತ್ತಲ ಬಾಗಿಲಲ್ಲಿ ನಿಂತಿದ್ದ ಬಂಗಾರಿ, ಗಂಡನ ಕಡೆ ನೋಡಿ.

“ಹೋದ್ವರ್ಷ ಮರ ಹಳದಿ ಆಯ್ತಲ, ಆವಾಗ ಹಾಕಿದ್ದಲ್ವಾ? ಹೆಗಡೇರ ಮನೆಯಿಂದ ಎಯ್ಡು ಬಾಟ್ಲಿ ತಂದದ್ದು ನೀವೇ ಅಲ್ವಾ?”

ಸೋಮ ಅವಳತ್ತ ನೋಡಿದ ನೋಟವನ್ನು ನಾನು ಬರೆಯುವುದಿಲ್ಲ.

“ಯಾರದ್ದು ಅಂತ ಕೇಳಿ ತಂದದ್ದಲ್ಲ. ಹೆಗಡೇರು ಲಾಯ್ಕದೆ ಅಂದ್ರು, ತಂದೆ” ಎಂದು ಜೇನುಪೆಟ್ಟಿಗೆಗಳ ಕಡೆ ನಡೆದ. ಒಂದರ ಮುಚ್ಚಳ ತೆಗೆದು ಅಗತ್ಯವಿಲ್ಲದಷ್ಟು ಹೊತ್ತು ಒಳಗೆ ನೋಡಿದ.

ಇದು ಆ ಬಾಟಲಿಯ ನೂಲೇ ಎಂದು ಪ್ರಮಾಣ ಮಾಡಲು ನನ್ನಲ್ಲಿ ಸಾಧನವಿಲ್ಲ. ಮೊದಲು ಅದು ಸಿಕ್ಕಿದ ಹಳ್ಳವೂ ಅಲ್ಲಿಂದ ದೂರವಲ್ಲ, ಅಲ್ಲಿಯದೇ ಕಾಡುನೂಲು ಆಗಿರಬಹುದು. ಮಾಬ್ಲೇಶ್ವರನಿಗೆ ಹಾಗೆಂದೆ. ಅವನು ಕೇಳಿಸಿಕೊಂಡನೋ ಇಲ್ಲವೋ. ಡಬ್ಬಿಯನ್ನು ಅಂಗೈಯಲ್ಲಿಟ್ಟುಕೊಂಡು ಮೂಲೆ ಖೋಲಿಯ ತೆರೆದ ಬಾಗಿಲನ್ನು ನೋಡುತ್ತಿದ್ದ. ಮೂರು ಹುಳು ಆಗ ಅವನ ಕೈಯಲ್ಲಿದ್ದವು. ಕಾಲಿನ ಕೆಳಗೆ ಹಾಕಿ ತಿಕ್ಕಿದ್ದರೆ ನಾನು ತಡೆಯುತ್ತಿರಲಿಲ್ಲ. ಯೋಜನೆ ಎಂದೋ ಮುಗಿದಿತ್ತು.

ಅವನು ಬಾಳೆಯ ಪಟ್ಟೆಯೊಂದನ್ನು ಸೀಳಿ, ನೀರಲ್ಲಿ ಅದ್ದಿ, ಮೂರು ಕೆಂಪು ಹುಳುಗಳನ್ನು ಅದರಲ್ಲಿ ಸುತ್ತಿ ಡಬ್ಬಿಗೆ ಇಟ್ಟ. ಬಿಳಿಯವನ್ನು ಇನ್ನೊಂದು ಡಬ್ಬಿಗೆ ಹಾಕಿದ.

“ಸೋಮಾ, ಎಣಿಸ್ಕಾ.”

ಸೋಮ ಬಂದು ಎಣಿಸಿದ. “ಎಂಟು. ಸರಿ ಅದೆ.” ಆಮೇಲೆ, “ಚಾ ಕುಡ್ದು ಹೋಗು” ಎಂದ.

“ಬಸ್ಸಿಗೆ ಹೊತ್ತಾತು. ಇದಕ್ಕೆ ಸಂಜೆ ಒಳಗೆ ನೀರು ತೋರ್ಸ್ಬೇಕು.”

ಬಂಗಾರಿ ಚಹಾದ ಲೋಟ ಹಿಡಿದು ಅಂಗಳದವರೆಗೆ ಬಂದಳು. ಅದನ್ನು ನಾನು ಕುಡಿದೆ. ನಾವು ಬೇಲಿಯ ದಣಪೆ ದಾಟುವಾಗ ಹಿಂದೆ ಮೂಲೆ ಖೋಲಿಯ ಬಾಗಿಲು ಹಾಕಿದ ಸದ್ದು ಕೇಳಿಸಿತು.

ಬಸ್ಸಿನಲ್ಲಿ ಡಬ್ಬಿಗಳ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಬಿಸಿಲು ಬೀಳದಂತೆ ಮೇಲೆ ಕೈ ಅಡ್ಡ ಹಿಡಿದು ಕೂತಿದ್ದ. ಕುಮಟಾ ಹತ್ತಿರವಾದಾಗ ಕೇಳಿದ.

“ಮುಂದಿನ ವರ್ಷ ಹಳೇದು ಒಂದು ತಟ್ಟೆ ಇಟ್ಕಂಬ್ಲಾ ಅಕ್ಕೋರೆ?”

“ಇಟ್ಟುಕೋ” ಎಂದೆ. “ನಾನು ಹೇಳಿದ್ದು ತಪ್ಪಾಗಿತ್ತು.”

ತಲೆಯಾಡಿಸಿದ. ಬಸ್‌ಸ್ಟ್ಯಾಂಡಿನಲ್ಲಿ ಧಾರೇಶ್ವರದ ಮೇಲೆ ಹೋಗುವ ಹೊನ್ನಾವರದ ಬಸ್ಸು ಹೊರಡಲು ನಿಂತಿತ್ತು. ಸೊಂಟ ಎಳೆಯುತ್ತ ಓಡಿ ಹತ್ತಿದ. ಕಿಟಕಿಯ ಪಕ್ಕದ ಸೀಟು ಖಾಲಿ ಇತ್ತು, ಆದರೆ ಅಲ್ಲಿ ಬಿಸಿಲಿತ್ತು. ಅವನು ಆಚೆ ಬದಿಯ ನೆರಳಿಗೆ ಹೋಗಿ ಒಬ್ಬನೇ ಕೂತ.